ಉಸಿರಿನ ಸಾಕ್ಷ್ಯ

1897ನೆಯ ಇಸವಿ ಸೆಪ್ಟೆಂಬರ್ 10ನೆಯ ತಾರೀಖು, ಮಧ್ಯರಾತ್ರಿ ಕಳೆದ ಹೊತ್ತು. ಲಂಡನ್ನಿನ ನ್ಯೂ ಬಾಂಡ್ ಸ್ಟ್ರೀಟಿನಲ್ಲಿ ಬಾಡಿಗೆಯ ಮೋಟಾರುಗಾಡಿಯೊಂದು ಅತ್ತಿತ್ತ ಓಲಾಡುತ್ತ ಬಂದು ಕಾಲುದಾರಿಯನ್ನೇರಿ 165ನೆಯ ನಂಬರಿನ ಕಟ್ಟಡಕ್ಕೆ ನುಗ್ಗಿತು. ಗಾಡಿ ಹೊಚ್ಚ ಹೊಸದು, ವಿದ್ಯುತ್ತಿನಿಂದ ನಡೆಯುವಂಥದು. ಅಂಥ ಗಾಡಿಗಳು ಲಂಡನ್ನಿನ ಬೀದಿಗಿಳಿದು ಇನ್ನೂ ಕೆಲವೇ ವಾರಗಳಾಗಿದ್ದವು. ಚಾಲಕ ಜಾರ್ಜ್ ಸ್ಮಿತ್ ಇಪ್ಪತ್ತೈದರ ತರುಣ. ಪೋಲೀಸಿನವನು ಅವನನ್ನು ಠಾಣೆಗೆ ಕರೆದೊಯ್ದನು. ಮರುದಿನ ನ್ಯಾಯಾಲಯದಲ್ಲಿ ಸ್ಮಿತ್ ತಪ್ಪೊಪ್ಪಿಕೊಂಡು, ಎರಡು ಮೂರು ಗ್ಲಾಸು ಬಿಯರು ಕುಡಿದಿದ್ದೆನೆಂದು ಹೇಳಿ, ಕೆಲವು ಷಿಲಿಂಗುಗಳ ದಂಡ ತೆತ್ತು ಹೊರಬಂದನು. ಕುಡಿದು ಮೋಟಾರು ನಡೆಸಿದುದಕ್ಕಾಗಿ ಶಿಕ್ಷೆಗೊಳಗಾದ ಮೊದಲಿಗನೆಂದು ಇತಿಹಾಸ ಅವನ ಹೆಸರನ್ನು ಬರೆದುಕೊಂಡಿದೆ. ಅಂದು ಪೀಠದಲ್ಲಿದ್ದ ಮ್ಯಾಜಿಸ್ಟ್ರೇಟರು, ಬೆದರಿ ಓಡುವ ಕುದುರೆಯನ್ನು ಹಿಡಿದು ನಿಲ್ಲಿಸುವ ವಿದ್ಯೆ ಪೋಲೀಸರಿಗೆ ಗೊತ್ತು, ಮೋಟಾರನ್ನು ನಿಲ್ಲಿಸುವುದು ಬೇರೆಯೇ ಮಾತು ಎಂಬರ್ಥದ ಬುದ್ಧಿವಾದವನ್ನೂ ಹೇಳಿದರೆಂದು ಅಂದಿನ ಪತ್ರಿಕೆಯ ವರದಿಯಿಂದ ತಿಳಿಯುತ್ತದೆ. ಆ ಮಾತಿನಲ್ಲಿ ಅವರೇ ಅರಿಯದಷ್ಟು ಅರ್ಥವಿತ್ತು. ಕುಡಿದ ಸವಾರ ಜೀನಿನ ಮೇಲೆ ತೂಕಡಿಸಿದರೂ ಕುದುರೆ ತನ್ನ ಲಾಯದ ದಾರಿಯನ್ನು ಮರೆಯುವುದಿಲ್ಲ. ನಮ್ಮ ಎತ್ತಿನ ಗಾಡಿಯ ಎತ್ತುಗಳಾದರೂ ಅಷ್ಟೆ. ಮೋಟಾರಿಗೆ ಆ ವಿವೇಕವಿಲ್ಲ. ಗಾಡಿಯಲ್ಲಿದ್ದ ಎರಡು ಬುದ್ಧಿಗಳಲ್ಲಿ ಒಂದು ಇಲ್ಲವಾದ ಮೇಲೆ, ಉಳಿದ ಒಂದರ ಮೇಲೆಯೇ ಎಲ್ಲ ಭಾರವೂ ಬಿತ್ತು.

ಸ್ಮಿತ್ ತಪ್ಪೊಪ್ಪಿಕೊಂಡಿದ್ದರಿಂದ ಮೊಕದ್ದಮೆ ಸುಲಭವಾಯಿತು. ಒಪ್ಪಿಕೊಳ್ಳದಿದ್ದರೆ? ಒಬ್ಬ ಮನುಷ್ಯ ಕುಡಿದಿದ್ದಾನೆ, ಗಾಡಿ ನಡೆಸಲಾರದಷ್ಟು ಕುಡಿದಿದ್ದಾನೆ ಎಂಬುದನ್ನು ಇನ್ನೊಬ್ಬ ಮನುಷ್ಯ ಹೇಗೆ ತೀರ್ಮಾನಿಸಬೇಕು? ನಾನು ಇಂದು ಹೇಳಹೊರಟಿರುವುದು ಈ ಪ್ರಶ್ನೆಯ ಕಥೆಯನ್ನು. ಅದಕ್ಕೆ ಉತ್ತರವಾಗಿ ಹುಟ್ಟಿದ ಒಂದು ಸಣ್ಣ ಯಂತ್ರದ ಕಥೆಯನ್ನು.

ಇಂಗ್ಲೆಂಡಿನಲ್ಲಿ ಆಗ ಇದ್ದುದು 1872ರ ಮದ್ಯದ ಪರವಾನಗಿ ಕಾಯಿದೆ. ಕುಡಿದ ಅಮಲಿನಲ್ಲಿ ಹೆದ್ದಾರಿಯ ಮೇಲೆ ಗಾಡಿ, ಕುದುರೆ, ದನ, ಉಗಿಯಂತ್ರ ಇವುಗಳ ಉಸ್ತುವಾರಿಯಲ್ಲಿರುವುದು ಅಪರಾಧವೆಂದು ಅದು ಸಾರಿತ್ತು. ಆದರೆ ಅಮಲು ಎಂದರೆ ಏನು, ಎಷ್ಟು ಎಂಬುದನ್ನು ಹೇಳಿರಲಿಲ್ಲ. ಪೋಲೀಸಿನವನ ಕಣ್ಣು ಮೂಗುಗಳೇ ಪ್ರಮಾಣ. ಠಾಣೆಗೆ ಬಂದ ವೈದ್ಯನು ಆರೋಪಿಯ ಕಣ್ಣುಪಾಪೆಯನ್ನು ನೋಡುವನು. ಸೀಮೆಸುಣ್ಣದ ಗೆರೆಯ ಮೇಲೆ ನಡೆಸುವನು. ನಾಲಿಗೆ ತೊಡರುವ ಮಾತುಗಳನ್ನು ಹೇಳಿಸುವನು. ಸ್ಕಾಟ್ಲೆಂಡಿನ ಲೀತ್ ಊರಿನ ಪೋಲೀಸರ ಹೆಸರಿನಲ್ಲಿ ಅಂಥದೊಂದು ನಾಲಿಗೆತೊಡಕು ಪ್ರಸಿದ್ಧವಾಗಿದೆ. ನಮ್ಮಲ್ಲಿ ತರೀಕೆರೆ ಏರಿಯ ಕರಿ ಕುರಿಮರಿಗಳನ್ನು ಈ ಕೆಲಸಕ್ಕೆ ಕರೆಯಬಹುದಿತ್ತು. ಆದರೆ ಕುಡಿಯದೆಯೇ ಆ ಕುರಿಮರಿಗಳನ್ನು ಕಾಯಲಾರದೆ ಎಡವಿದವರನ್ನು ನಾವೆಲ್ಲರೂ ಕಂಡಿದ್ದೇವಲ್ಲ!

ಹಾಸ್ಯವೆನಿಸಿದರೂ ಈ ಪದ್ಧತಿಯಿಂದ ಎರಡು ಬಗೆಯ ಅನ್ಯಾಯಗಳಾಗುತ್ತಿದ್ದವು. ತಲೆಗೆ ಪೆಟ್ಟು ಬಿದ್ದು ತೊದಲುವವನು, ಸಕ್ಕರೆ ಕಾಯಿಲೆಯಿಂದ ಎಚ್ಚರ ತಪ್ಪುತ್ತಿರುವವನು ಕುಡುಕನೆಂದು ಲಾಕಪ್ಪಿಗೆ ಬೀಳುವ ಸಂಭವ ಒಂದು ಕಡೆ. ಕುಡಿತದಲ್ಲಿ ಚೆನ್ನಾಗಿ ಪಳಗಿದವನು ಗೆರೆಯ ಮೇಲೆ ನೆಟ್ಟಗೆ ನಡೆದು, ಸಭ್ಯವಾದ ಮಾತನಾಡಿ, ಟೋಪಿಯೆತ್ತಿ ವಂದಿಸಿ ಹೊರಟುಹೋಗುವುದು ಇನ್ನೊಂದು ಕಡೆ. ಜ್ಯೂರಿಯವರ ಪೈಕಿ ಮೋಟಾರು ಇಟ್ಟವರು ಹೆಚ್ಚಾದಂತೆಲ್ಲ, ಇಂದು ಇವನು ಇಲ್ಲಿ ನಿಂತಿದ್ದಾನೆ, ನಾಳೆ ನಾನೂ ನಿಲ್ಲಬೇಕಾದೀತು ಎಂಬ ಮರುಕವೂ ತೀರ್ಪಿನೊಳಕ್ಕೆ ನುಸುಳಿತು.

ಹೊಟ್ಟೆಗೆ ಹೋದ ಮದ್ಯಸಾರದ ಸ್ವಲ್ಪ ಭಾಗ ಉಸಿರಿನಲ್ಲಿ ಹೊರಬರುತ್ತದೆ ಎಂಬ ಸಂಗತಿ ಮೋಟಾರಿಗಿಂತ ಹಳೆಯದು. ಲಂಡನ್ನಿನ ವೈದ್ಯ ಫ್ರಾನ್ಸಿಸ್ ಆನ್‌ಸ್ಟಿ 1874ರಲ್ಲಿ ತೀರಿಕೊಂಡರು. ಗಂಧಕಾಮ್ಲದಲ್ಲಿ ಕರಗಿಸಿದ ಪೊಟ್ಯಾಸಿಯಂ ಡೈಕ್ರೋಮೇಟಿನ ಹಳದಿ ಬಣ್ಣ ಮದ್ಯಸಾರ ಸೋಕಿದೊಡನೆ ಹಸಿರಿಗೆ ತಿರುಗುವ ಗುಣವನ್ನು ಅವರು ಈ ಶೋಧನೆಗೆ ಬಳಸಿಕೊಂಡಿದ್ದರು. ಅವರಿಗೆ ಬೇಕಾಗಿದ್ದುದು ಅಪರಾಧಿಗಳಲ್ಲ. ಮದ್ಯ ದೇಹದಲ್ಲಿ ಆಹಾರದಂತೆ ಉರಿದುಹೋಗುತ್ತದೆಯೇ, ಇದ್ದಂತೆಯೇ ಹೊರಬೀಳುತ್ತದೆಯೇ ಎಂಬ ಶಾಸ್ತ್ರದ ಜಿಜ್ಞಾಸೆ. ಈ ಹಳದಿ-ಹಸಿರು ಬಣ್ಣಗಳನ್ನು ನೆನಪಿನಲ್ಲಿಡಿ. ಕಥೆಯಲ್ಲಿ ಮತ್ತೆ ಬರುತ್ತವೆ.

ಮುಂದೆ ಐವತ್ತು ವರ್ಷ ಈ ತಿಳಿವು ಪುಸ್ತಕದಲ್ಲೇ ಮಲಗಿತ್ತು. 1927ರಲ್ಲಿ ಅಮೆರಿಕದ ಎಮಿಲ್ ಬೋಜೆನ್ ಎಂಬ ವೈದ್ಯರು ಕುಡಿದು ಬಂದವರ ಕೈಗೆ ಫುಟ್‌ಬಾಲಿನ ಒಳಚೀಲವನ್ನು ಕೊಟ್ಟು ಊದಿಸಿ, ಆ ಗಾಳಿಯನ್ನು ಪರೀಕ್ಷಿಸಿದರು. ಸೂಜಿ ಚುಚ್ಚಬೇಕಾಗಿಲ್ಲ, ರಕ್ತ ತೆಗೆಯಬೇಕಾಗಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕ ರೋಲಾ ಹಾರ್ಗರ್ 1930ರ ದಶಕದಲ್ಲಿ ಇದನ್ನೊಂದು ಪೆಟ್ಟಿಗೆಯಲ್ಲಿ ಹಿಡಿದಿಟ್ಟು ‘ಡ್ರಂಕೋಮೀಟರ್’ ಎಂದು ಹೆಸರಿಟ್ಟರು. ಬಲೂನಿನೊಳಗೆ ಊದಿದ ಉಸಿರನ್ನು ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣದ ಮೂಲಕ ಹಾಯಿಸುವುದು. ಬಣ್ಣ ಹಾರಿಹೋಗಲು ಎಷ್ಟು ಗಾಳಿ ಬೇಕಾಯಿತೆಂದು ಲೆಕ್ಕ ಹಾಕುವುದು. ಜೊತೆಗೆ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಬೇರೆಯಾಗಿ ಹಿಡಿದು ತಕ್ಕಡಿಯಲ್ಲಿ ತೂಗಬೇಕು! ಪೋಲೀಸು ಠಾಣೆಯೊಂದು ರಸಾಯನಶಾಲೆಯಾಗಬೇಕಾದ ಪರಿಸ್ಥಿತಿ. ಆದರೂ ಅದು ನಡೆಯಿತು. 1939ರಲ್ಲಿ ಇಂಡಿಯಾನಾ ರಾಜ್ಯ ಮದ್ಯದ ಪ್ರಮಾಣವನ್ನು ಕಾಯಿದೆಯಲ್ಲಿ ಬರೆದಿಟ್ಟಿತು: 100 ಮಿಲಿಲೀಟರು ರಕ್ತದಲ್ಲಿ 150 ಮಿಲಿಗ್ರಾಂ ಮುಟ್ಟಿದರೆ ಅಮಲಿನಲ್ಲಿದ್ದನೆಂದೇ ಭಾವಿಸತಕ್ಕದ್ದು. ಈ 150ರ ಕಥೆಗೂ ಮತ್ತೆ ಬರುತ್ತೇನೆ.

ಅತ್ತ ಸ್ವೀಡನ್ನಿನ ಲುಂಡ್ ನಗರದಲ್ಲಿ ಎರಿಕ್ ವಿಡ್‌ಮಾರ್ಕ್ ಎಂಬ ವಿದ್ವಾಂಸರು ಬೇರೆ ದಾರಿ ಹಿಡಿದಿದ್ದರು. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ಮದ್ಯಸಾರವನ್ನು ಅಳೆಯುವ ವಿಧಾನವನ್ನು ಅವರು 1922ರಲ್ಲಿ ಪ್ರಕಟಿಸಿದರು. ಅವರ ನಿಜವಾದ ಕಾಣಿಕೆಯೆಂದರೆ ಕಾಲದ ಲೆಕ್ಕ. ಕುಡಿದದ್ದು ರಕ್ತಕ್ಕೆ ಏರುವುದಕ್ಕೆ ಒಂದು ವೇಗವಿದೆ, ಅದು ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಇಳಿಯುವುದಕ್ಕೆ ಬೇರೊಂದು ವೇಗವಿದೆ, ಅದು ಹೆಚ್ಚುಕಡಿಮೆ ಏಕಪ್ರಕಾರ. ಗಂಟೆಗೆ ಸುಮಾರು 15 ಮಿಲಿಗ್ರಾಂ ಎಂದು ಇಟ್ಟುಕೊಳ್ಳಿ. ಕಾಫಿ ಕುಡಿದರೆ, ತಣ್ಣೀರು ಸುರಿದುಕೊಂಡರೆ, ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿಕೊಂಡರೆ ಅದು ತ್ವರೆಗೊಳ್ಳುವುದಿಲ್ಲ. ಯಕೃತ್ತು ತನ್ನ ಪಾಡಿಗೆ ತಾನು, ಸರ್ಕಾರಿ ಗುಮಾಸ್ತನಂತೆ, ಯಾರ ಅವಸರಕ್ಕೂ ಓಗೊಡದೆ ಕೆಲಸ ಮಾಡುತ್ತದೆ. ನಡುರಾತ್ರಿಯವರೆಗೆ ಚೆನ್ನಾಗಿ ಕುಡಿದು ಮಲಗಿದವನು ಬೆಳಿಗ್ಗೆ ಏಳಕ್ಕೆ ಸ್ನಾನ ಮಾಡಿ ಹಣೆಗೆ ವಿಭೂತಿಯಿಟ್ಟು ಗಾಡಿ ಹತ್ತಿದರೂ ರಕ್ತದಲ್ಲಿ ಅಮಲು ಉಳಿದಿರಬಹುದು. ಈ ವಿಜ್ಞಾನದ ಬಲದ ಮೇಲೆ ನಾರ್ವೆ ದೇಶ 1936ರಲ್ಲಿ, ಜಗತ್ತಿನಲ್ಲೇ ಮೊದಲು, 50 ಮಿಲಿಗ್ರಾಮಿನ ಕಟ್ಟುನಿಟ್ಟಾದ ಮಿತಿಯನ್ನು ಕಾಯಿದೆಯಾಗಿಸಿತು. ಅಂದಿನಿಂದ ಪ್ರಶ್ನೆಯೇ ಬದಲಾಯಿತು: ‘ಇವನು ಅಮಲಿನಲ್ಲಿದ್ದನೇ?’ ಎಂದು ಕೇಳುವ ಬದಲು ‘ಇವನ ರಕ್ತದಲ್ಲಿ ಎಷ್ಟಿತ್ತು?’ ಎಂದು ಕೇಳತೊಡಗಿದರು.

ರಕ್ತದಲ್ಲಿರುವುದನ್ನು ಉಸಿರು ಹೇಗೆ ಹೇಳಬಲ್ಲದು? ಪುಪ್ಪುಸದ ಆಳದಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ಇರುವುದು ಅತಿ ತೆಳುವಾದ ಪೊರೆ. ದ್ರವದಲ್ಲಿ ಕರಗಿದ ಆವಿಗೂ ಅದರ ಮೇಲಣ ಗಾಳಿಯಲ್ಲಿರುವ ಆವಿಗೂ ನಿಶ್ಚಿತವಾದ ಪ್ರಮಾಣವಿದೆಯೆಂದು ವಿಲಿಯಂ ಹೆನ್ರಿ 1803ರಲ್ಲೇ ಹೇಳಿದ್ದರು. ಆ ನಿಯಮದಂತೆ ಸುಮಾರು 2100 ಮಿಲಿಲೀಟರು ಉಸಿರಿನಲ್ಲಿರುವ ಮದ್ಯಸಾರ 1 ಮಿಲಿಲೀಟರು ರಕ್ತದಲ್ಲಿರುವುದಕ್ಕೆ ಸಮ. ಬಾಯಿಂದ ಮೊದಲು ಬರುವ ಗಾಳಿ ಬಾಯಿಯದು, ಗಂಟಲಿನದು. ಕೊನೆಗೆ ಬರುವುದು ಆಳದ್ದು. ಆದ್ದರಿಂದಲೇ ಪೋಲೀಸರು ‘ಇನ್ನೂ ಊದಿ, ಇನ್ನೂ ಊದಿ’ ಎಂದು ಒತ್ತಾಯಿಸುವುದು. ಏಲಕ್ಕಿ, ಲವಂಗ, ವೀಳ್ಯದೆಲೆ, ಹಸಿ ಈರುಳ್ಳಿ ಇವುಗಳನ್ನು ಅಗಿದು ಬಂದವರು ಮೂಗನ್ನು ವಂಚಿಸಬಹುದು. ಪುಪ್ಪುಸದ ಆಳಕ್ಕೆ ಏಲಕ್ಕಿ ಇಳಿಯುವುದಿಲ್ಲ.

ಪೋಲೀಸು ಠಾಣೆಯ ತಕ್ಕಡಿಯನ್ನು ಕೊನೆಗೂ ತೊಲಗಿಸಿದವರು ರಾಬರ್ಟ್ ಬೋರ್ಕೆನ್‌ಸ್ಟೈನ್. 1912ರಲ್ಲಿ ಫೋರ್ಟ್ ವೇಯ್ನ್‌ನಲ್ಲಿ ಹುಟ್ಟಿ, ಛಾಯಾಚಿತ್ರದ ಕೆಲಸದಲ್ಲಿ ಪಳಗಿ, ಇಂಡಿಯಾನಾ ರಾಜ್ಯದ ಪೋಲೀಸಿಗೆ ಸೇರಿದವರು. ಹಾರ್ಗರ್ ಅವರೊಡನೆ ದುಡಿದವರು. ಬಣ್ಣ ಮಾಸಿದ್ದನ್ನು ಮನುಷ್ಯನ ಕಣ್ಣು ನೋಡಿ ಹೇಳಿದರೆ ಮತ್ತೆ ಅದೇ ಹಳೆಯ ತಂಟೆ: ನೋಡುವವನು ಯಾರು, ಅವನ ಕಣ್ಣು ಎಂಥದು? 1954ರಲ್ಲಿ ಅವರು ಕಟ್ಟಿದ ‘ಬ್ರೆತಲೈಸರ್’ ಯಂತ್ರದಲ್ಲಿ ಒಂದೇ ದೀಪದ ಎರಡು ಬದಿಗೆ ಎರಡು ಗಾಜಿನ ಕುಪ್ಪಿಗಳು, ಎರಡರಲ್ಲೂ ಅದೇ ಹಳದಿ ಡೈಕ್ರೋಮೇಟ್. ಒಂದರೊಳಕ್ಕೆ ನಿಖರವಾಗಿ ಅಳೆದ 52.5 ಮಿಲಿಲೀಟರು ಉಸಿರು ಗುಳುಗುಳಿಸಿ ಹಾಯುತ್ತದೆ. ಇನ್ನೊಂದು ಮುಟ್ಟದೆ ಹಾಗೆಯೇ ಇರುತ್ತದೆ. ಉಸಿರಿನಲ್ಲಿ ಮದ್ಯವಿದ್ದರೆ ಮೊದಲನೆಯದರ ಹಳದಿ ಮಾಸುತ್ತದೆ, ಅದರ ಮೂಲಕ ಹೆಚ್ಚು ಬೆಳಕು ಹಾಯುತ್ತದೆ, ಎರಡು ದ್ಯುತಿಕೋಶಗಳ ನಡುವಣ ಸಮತೂಕ ತಪ್ಪುತ್ತದೆ. ಎಷ್ಟು ತಪ್ಪಿತೆಂಬುದನ್ನು ಮುಳ್ಳು ತೋರಿಸುತ್ತದೆ. ಆನ್‌ಸ್ಟಿಯವರ ರಸಾಯನ, ಹಾರ್ಗರ್ ಅವರ ಉದ್ದೇಶ, ಛಾಯಾಗ್ರಾಹಕನ ಬೆಳಕಿನ ಜ್ಞಾನ ಮೂರೂ ಸೇರಿ ಒಂದು ಕೈಪೆಟ್ಟಿಗೆಯಾಯಿತು. ಸಾಧಾರಣ ಪೋಲೀಸಿನವನೂ ಕಲಿತು ನಡೆಸಬಹುದಾದ ಯಂತ್ರ. ನಿರಪರಾಧಿಯನ್ನು ಬಿಡಿಸುವುದಕ್ಕೂ ಅದು ಅಷ್ಟೇ ಸಮರ್ಥವಾಗಿತ್ತೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ತಲೆಗೆ ಪೆಟ್ಟು ಬಿದ್ದು ತೊದಲುತ್ತಿದ್ದವನ ಉಸಿರು ಸೊನ್ನೆ ತೋರಿಸಿದರೆ, ಲಾಕಪ್ಪಿಗೆ ಹೋಗಬೇಕಾಗಿದ್ದವನು ಆಸ್ಪತ್ರೆಗೆ ಹೋಗುತ್ತಿದ್ದನು.

ಯಂತ್ರವನ್ನು ಕಟ್ಟಿ ಸುಮ್ಮನೆ ಕೂಡಲಿಲ್ಲ ಬೋರ್ಕೆನ್‌ಸ್ಟೈನ್. ಸಂಖ್ಯೆಯೇನೋ ಸಿಕ್ಕಿತು, ಆ ಸಂಖ್ಯೆಗೆ ಅರ್ಥವೇನು? 1962 ಮತ್ತು 1963ರ ನಡುವೆ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣದಲ್ಲಿ ಅವರ ತಂಡದವರು ಅಪಘಾತಕ್ಕೀಡಾದ 5,985 ಚಾಲಕರನ್ನೂ, ಅಪಘಾತವೇನೂ ಆಗದೆ ಸುಮ್ಮನೆ ಹೋಗುತ್ತಿದ್ದ 7,590 ಚಾಲಕರನ್ನೂ ಪರೀಕ್ಷಿಸಿ ಹೋಲಿಸಿ ನೋಡಿದರು. 100 ಮಿಲಿಗ್ರಾಂ ಇದ್ದವನಿಗೆ ಅಪಘಾತದ ಸಂಭವ ಆರೇಳು ಪಟ್ಟು. 150 ಇದ್ದವನಿಗೆ ಸುಮಾರು 25 ಪಟ್ಟು ಎಂದು ಲೆಕ್ಕ ಹೊರಬಿತ್ತು. ಇಂಡಿಯಾನಾದ ಹಳೆಯ ಕಾಯಿದೆಯ 150ನ್ನು ಈಗ ನೆನೆಯಿರಿ. ಇಪ್ಪತ್ತೈದು ಪಟ್ಟು ಅಪಾಯವನ್ನು ಮುಟ್ಟಿದ ಮೇಲಷ್ಟೇ ಇವನು ಅಮಲಿನಲ್ಲಿದ್ದನೆಂದು ಕಾಯಿದೆ ತಾನಾಗಿ ಭಾವಿಸುತ್ತಿತ್ತು.

ಇದೇ ಅಧ್ಯಯನದಲ್ಲಿ ಒಂದು ವಿಚಿತ್ರವೂ ಇತ್ತು. ಅಲ್ಪಸ್ವಲ್ಪ ಕುಡಿದವರು, ಸ್ವಲ್ಪವೂ ಕುಡಿಯದವರಿಗಿಂತ ಕಡಿಮೆ ಅಪಘಾತ ಮಾಡಿದಂತೆ ಅಂಕಿಗಳು ತೋರಿಸಿದವು. ಕುಡಿಯುವವರ ಗೋಷ್ಠಿಗಳಲ್ಲಿ ಇದಕ್ಕಿಂತ ಪ್ರಿಯವಾದ ಸಂಶೋಧನೆ ಬೇರೊಂದಿರಲಾರದು. ‘ಒಂದು ಪೆಗ್ಗು ಹಾಕಿದರೆ ಕೈ ನಿಲ್ಲುತ್ತದೆ’ ಎಂಬ ಮಾತಿಗೆ ವಿಜ್ಞಾನದ ಮುದ್ರೆ ಬಿದ್ದಂತಾಯಿತು. ಆದರೆ ಕುಡಿಯದವರ ಗುಂಪಿನಲ್ಲಿ ಹೊಸದಾಗಿ ಕಲಿತ ಎಳೆಯರೂ ತೀರ ಮುದುಕರೂ ಇದ್ದರು. ಅಲ್ಪಸ್ವಲ್ಪದವರಲ್ಲಿ ನಿತ್ಯ ಕುಡಿದು ನಿತ್ಯ ಗಾಡಿ ನಡೆಸಿ ಅನುಭವವುಳ್ಳ ನಡುವಯಸ್ಕರೇ ಹೆಚ್ಚು. ತೂಗಿದ್ದು ಮದ್ಯವನ್ನಲ್ಲ, ಮನುಷ್ಯರನ್ನು. ವಯಸ್ಸು ಮೊದಲಾದ ವ್ಯತ್ಯಾಸಗಳನ್ನು ಕಳೆದು, 1990ರ ದಶಕದ ಕೊನೆಯಲ್ಲಿ ಅಮೆರಿಕದ ಎರಡು ನಗರಗಳಲ್ಲಿ ಮತ್ತೊಮ್ಮೆ ಅಳೆದಾಗ ಆ ‘ತಗ್ಗು’ ಮಾಯವಾಯಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಎಷ್ಟು ಜನ ಆ ತಗ್ಗಿನ ಭರವಸೆಯ ಮೇಲೆ ಒಂದು ಗ್ಲಾಸು ಹೆಚ್ಚಿಗೆ ಕುಡಿದರೋ!

ಗ್ರ್ಯಾಂಡ್ ರ‍್ಯಾಪಿಡ್ಸಿನ ಅಂಕಿಗಳು ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೆ ಬಂದಾಗ ಅಲ್ಲಿ ಸಾರಿಗೆ ಸಚಿವೆಯಾಗಿದ್ದವರು ಬಾರ್ಬರಾ ಕಾಸಲ್. 1967ರ ಅಕ್ಟೋಬರ್ 9ರಿಂದ 80 ಮಿಲಿಗ್ರಾಮಿನ ಮಿತಿಯೂ ರಸ್ತೆಬದಿಯ ಉಸಿರು ಪರೀಕ್ಷೆಯೂ ಜಾರಿಗೆ ಬಂದವು. ಪರೀಕ್ಷೆಗೆ ಬಳಸಿದ್ದು ಹರಳು ತುಂಬಿದ ಗಾಜಿನ ನಳಿಗೆ ಮತ್ತು ಒಂದು ಚೀಲ. ಹಳದಿ ಹರಳು ಹಸಿರಾದರೆ ಠಾಣೆಗೆ ನಡೆಯಬೇಕು. ದೇಶದಲ್ಲಿ ಎದ್ದ ಗುಲ್ಲು ಸಾಮಾನ್ಯವಲ್ಲ. ಸ್ವಾತಂತ್ರ್ಯಹರಣವೆಂದರು, ಪಾನಗೃಹದವರು ತಮ್ಮ ಹೊಟ್ಟೆಯ ಮೇಲೆ ಹೊಡೆತವೆಂದರು. ಸಚಿವೆಗೆ ಸ್ವತಃ ಗಾಡಿ ನಡೆಸಲು ಬರುತ್ತಿರಲಿಲ್ಲ. ಹೆಂಗಸು, ಮೇಲಾಗಿ ಮೋಟಾರು ತಿಳಿಯದವಳು, ಇವಳಿಗೇಕೆ ಈ ಉಸಾಬರಿ ಎಂಬ ಮಾತೂ ಬಂತು. ಅವರು ಜಗ್ಗಲಿಲ್ಲ. ಮೊದಲ ಒಂದು ವರ್ಷದಲ್ಲೇ ರಸ್ತೆಯ ಸಾವುಗಳು ಸಾವಿರಕ್ಕೂ ಹೆಚ್ಚು ಇಳಿದವು. ಉಳಿದುಕೊಂಡವರಿಗೆ ತಾವು ಉಳಿದುಕೊಂಡದ್ದು ಗೊತ್ತಾಗುವುದಿಲ್ಲವಾದ್ದರಿಂದ ಇಂಥ ಸಚಿವರಿಗೆ ಹಾರ ಹಾಕುವವರು ಕಡಿಮೆ.

ಇನ್ನು ನಮ್ಮ ದೇಶದ ಮಾತು. 1939ರ ಮೋಟಾರು ವಾಹನಗಳ ಕಾಯಿದೆ ಇಂಗ್ಲೆಂಡಿನ ಜಾಡಿನಲ್ಲೇ, ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲಾರದಷ್ಟು ಮದ್ಯದ ಪ್ರಭಾವದಲ್ಲಿರುವುದನ್ನು ಅಪರಾಧವೆಂದಿತು. ‘ಹತೋಟಿಯಲ್ಲಿಡಲಾರದಷ್ಟು’ ಎಂಬುದನ್ನು ರುಜುವಾತು ಮಾಡುವವರು ಯಾರು? 1971ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಚಾಲಕನ ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು, ನಡಿಗೆ ಓಲಾಡುತ್ತಿತ್ತು, ಕಣ್ಣುಪಾಪೆ ಹಿಗ್ಗಿತ್ತು. ಆದರೆ ರಕ್ತವನ್ನಾಗಲಿ ಮೂತ್ರವನ್ನಾಗಲಿ ಪರೀಕ್ಷಿಸಿರಲಿಲ್ಲ. ಇಷ್ಟರಿಂದಲೇ ಅವನು ಅಮಲಿನಲ್ಲಿ ಗಾಡಿ ನಡೆಸಿದನೆಂದು ಹೇಳಲಾಗದು ಎಂದಿತು ನ್ಯಾಯಾಲಯ. ತೀರ್ಪು ನ್ಯಾಯವಾದದ್ದೇ. ಮೂಗಿನ ಸಾಕ್ಷ್ಯದ ಕಾಲ ಮುಗಿದಿತ್ತು; ಯಂತ್ರದ ಸಾಕ್ಷ್ಯವಿನ್ನೂ ನಮ್ಮಲ್ಲಿ ಬಂದಿರಲಿಲ್ಲ. 1988ರ ಹೊಸ ಕಾಯಿದೆಯ 185ನೆಯ ಪ್ರಕರಣಕ್ಕೆ 1994ರಲ್ಲಿ ಆದ ತಿದ್ದುಪಡಿ, 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಮಿನ ಮಿತಿಯನ್ನು ಹಾಕಿತು. ಇಂಗ್ಲೆಂಡಿನ 80ಕ್ಕಿಂತ ಎಷ್ಟೋ ಕಠಿಣ. ರಕ್ತದ ಪ್ರಮಾಣವನ್ನು ಉಸಿರಿನ ಯಂತ್ರದಿಂದ ಅಳೆಯಬಹುದೆಂದು ಕಾಯಿದೆ ಹೇಳುವುದರಿಂದ, ಹೆನ್ರಿಯವರ ನಿಯಮ ನಮ್ಮ ಶಾಸನದೊಳಗೆ ಸದ್ದಿಲ್ಲದೆ ಸೇರಿಕೊಂಡಂತಾಗಿದೆ. 2019ರ ತಿದ್ದುಪಡಿಯಿಂದ ಮೊದಲ ತಪ್ಪಿಗೆ ಆರು ತಿಂಗಳ ತನಕ ಸಜೆ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಬೆಂಗಳೂರಿನ ರಾತ್ರಿಗಳಲ್ಲಿ ‘ಊದಿಸುವುದು’ ಎಂಬ ಕ್ರಿಯಾಪದಕ್ಕೆ ಹೊಸ ಅರ್ಥವೇ ಬಂದಿದೆ.

ಆದರೂ ನಮ್ಮ ಲೆಕ್ಕದ ಪುಸ್ತಕಗಳು ಪೂರ್ತಿ ನಿಜವನ್ನು ಹೇಳುತ್ತಿಲ್ಲ. 2022ರಲ್ಲಿ ಭಾರತದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ಪೋಲೀಸರ ದಾಖಲೆಗಳಿಂದ ತಯಾರಾದ ಸರ್ಕಾರಿ ವರದಿಯಲ್ಲಿ ಕುಡಿತದ ಪಾಲಿಗೆ ಬಂದಿರುವುದು ಅತ್ಯಲ್ಪ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಆಸ್ಪತ್ರೆಗೆ ಬಂದ ಗಾಯಾಳುಗಳನ್ನೇ ಪರೀಕ್ಷಿಸಿ, ವಾಸ್ತವ ಇದಕ್ಕಿಂತ ಎಷ್ಟೋ ದೊಡ್ಡದೆಂದು ಹಲವು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಕಾರಣ ಸರಳ. ರಸ್ತೆಯ ಮೇಲೆ ಬಿದ್ದವನನ್ನು ಮೊದಲು ಆಸ್ಪತ್ರೆಗೆ ಸಾಗಿಸುತ್ತಾರೆ. ಆ ಹೊತ್ತಿಗೆ ಯಂತ್ರ ಇನ್ನೆಲ್ಲೋ ಇರುತ್ತದೆ. ಗಂಟೆಗಳು ಕಳೆದಂತೆ ವಿಡ್‌ಮಾರ್ಕರ ಲೆಕ್ಕದಂತೆ ಸಾಕ್ಷ್ಯ ಕರಗುತ್ತ ಹೋಗುತ್ತದೆ. ಪ್ರಾಣ ಹೋದವನಂತೂ ಊದಲಾರನು. ಅವನ ಹೆಸರಿನ ಮುಂದೆ ‘ಅತಿವೇಗ’ ಎಂದು ಬರೆದರೆ ಕಡತ ಮುಗಿಯಿತು.

ಇಷ್ಟು ಕಾಲವೂ ಯಂತ್ರವಿದ್ದುದು ಪೋಲೀಸರ ಕೈಯಲ್ಲಿ. ವೇಲ್ಸಿನ ರಸಾಯನಶಾಸ್ತ್ರಜ್ಞ ಟಾಮ್ ಪ್ಯಾರಿ ಜೋನ್ಸ್ 1970ರ ದಶಕದಲ್ಲಿ ಹರಳಿನ ಬದಲು ಇಂಧನಕೋಶವನ್ನು ಬಳಸಿದ ಕೈಯಳತೆಯ ಯಂತ್ರವನ್ನು ರೂಪಿಸಿದರು. ಪ್ಲಾಟಿನಂ ತಗಡಿನ ಮೇಲೆ ಮದ್ಯಸಾರ ತಾನೇ ಉರಿದು ಸಣ್ಣ ವಿದ್ಯುತ್ಪ್ರವಾಹವನ್ನು ಹುಟ್ಟಿಸುತ್ತದೆ. ಕುಡಿದವನ ಉಸಿರೇ ತನ್ನ ವಿರುದ್ಧದ ಸಾಕ್ಷ್ಯವನ್ನು ಬರೆಯುತ್ತದೆ. ಆಮೇಲೆ ಯಂತ್ರ ಇನ್ನೂ ಕಿರಿದಾಯಿತು, ಅಗ್ಗವಾಯಿತು. ಪೋಲೀಸಿನವನ ಕೈಯಿಂದ ಕುಡಿಯುವವನ ಜೇಬಿಗೆ ಬಂತು. ಫ್ರಾನ್ಸಿನಲ್ಲಿ 2012ರ ಜುಲೈ 1ರಿಂದ ಪ್ರತಿಯೊಬ್ಬ ಚಾಲಕನೂ ತನ್ನ ಗಾಡಿಯಲ್ಲಿ ಉಸಿರು ಪರೀಕ್ಷಕವೊಂದನ್ನು ಇಟ್ಟಿರತಕ್ಕದ್ದೆಂದು ವಿಧಿಸಿದರು. ಬಹುಪಾಲು ಜನ ಕೊಂಡದ್ದು ಹಳದಿ ಹರಳಿನ ನಳಿಗೆಯನ್ನೇ, ಎಂದರೆ ಆನ್‌ಸ್ಟಿಯವರ ರಸಾಯನವನ್ನೇ. ಇಟ್ಟಿರದವನಿಗೆ 11 ಯೂರೋ ದಂಡವೆಂದು ಮೊದಲು ಹೇಳಿ, ಮುಂದೂಡಿ, 2013ರಲ್ಲಿ ದಂಡವನ್ನೇ ಕೈಬಿಟ್ಟರು. 2020ರಲ್ಲಿ ವಿಧಿಯನ್ನೂ ತೆಗೆದುಹಾಕಿದರು. ಗಾಡಿಯ ಗೂಡಿನಲ್ಲಿಟ್ಟ ನಳಿಗೆ ಗೂಡಿನಲ್ಲೇ ಉಳಿದರೆ ಅದರಿಂದ ಯಾರ ಪ್ರಾಣ ಉಳಿದೀತು?

ಜೇಬಿನ ಯಂತ್ರವನ್ನು ನಾನು ಹಳಿಯುತ್ತಿಲ್ಲ. ‘ನನಗೇನೂ ಆಗಿಲ್ಲ’ ಎಂದುಕೊಳ್ಳುತ್ತಿದ್ದವನು ಪರದೆಯ ಮೇಲೆ ದೊಡ್ಡ ಸಂಖ್ಯೆಯನ್ನು ಕಂಡು ಬೆಚ್ಚಿ ಆಟೋ ಕರೆದಿದ್ದರೆ ಅದು ಆ ಯಂತ್ರದ ಪುಣ್ಯ. ಮದ್ಯ ಮೊದಲು ಕೆಡಿಸುವುದು ಕೈಕಾಲುಗಳನ್ನಲ್ಲ, ನಾನು ಕೆಟ್ಟಿದ್ದೇನೆಯೇ ಎಂದು ನೋಡಿಕೊಳ್ಳುವ ಬುದ್ಧಿಯನ್ನು. ಅಂಥ ಹೊತ್ತಿನಲ್ಲಿ ಹೊರಗಿನ ಸಾಕ್ಷಿಯೊಂದು ಇರುವುದು ಒಳ್ಳೆಯದೇ. ನನ್ನ ಅಂಜಿಕೆ ಬೇರೆ. ಪೋಲೀಸಿನವನ ಕೈಯಲ್ಲಿದ್ದಾಗ ಯಂತ್ರ ಸಾಕ್ಷಿಯಾಗಿತ್ತು, ಕುಡಿಯುವವನ ಕೈಗೆ ಬಂದ ಮೇಲೆ ವಕೀಲನಾಗಿಬಿಟ್ಟಿದೆ. ‘ನಾನು ಗಾಡಿ ನಡೆಸಬಲ್ಲೆನೇ?’ ಎಂದು ಕೇಳುವ ಬದಲು ‘ಇನ್ನೆಷ್ಟು ಕುಡಿಯಲು ಎಡೆಯಿದೆ?’ ಎಂದು ಅದನ್ನು ಕೇಳುತ್ತಾರೆ.

ಯಂತ್ರದ ಮಿತಿಗಳೂ ಇವೆ. ಅಗ್ಗದವು ಇಂಧನಕೋಶದವಲ್ಲ, ತವರದ ಆಕ್ಸೈಡಿನ ಅರೆವಾಹಕದವು. ಬೇರೆ ಆವಿಗಳಿಗೂ ಮಿಡಿಯುತ್ತವೆ, ದಿನ ಕಳೆದಂತೆ ದಾರಿ ತಪ್ಪುತ್ತವೆ, ಕಾಲಕಾಲಕ್ಕೆ ತಾಳೆ ನೋಡಿ ಸರಿಪಡಿಸಬೇಕು. ಪೋಲೀಸರ ಯಂತ್ರಕ್ಕೆ ಅದು ಕರ್ತವ್ಯ. ಜೇಬಿನ ಯಂತ್ರಕ್ಕೆ ಯಾರು ಮಾಡಿಸುತ್ತಾರೆ? ಮೊಬೈಲು ಫೋನಿಗೆ ಜೋಡಿಸುವಂಥ ಪರೀಕ್ಷಕಗಳನ್ನು ಮಾರಿದ ಅಮೆರಿಕದ ಕಂಪೆನಿಯೊಂದರ ಯಂತ್ರ, ಇದ್ದುದಕ್ಕಿಂತ ಕಡಿಮೆ ತೋರಿಸುತ್ತಿದ್ದುದಾಗಿ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗ ಆರೋಪಿಸಿ, 2017ರಲ್ಲಿ ಗಿರಾಕಿಗಳಿಗೆ ಹಣ ಹಿಂದಿರುಗಿಸುವಂತೆ ಮಾಡಿತು. ಕುಡಿದ ಕೂಡಲೇ ಊದಿದರೆ ಬಾಯಲ್ಲಿ ಉಳಿದ ಮದ್ಯದಿಂದ ಸಂಖ್ಯೆ ಹುಸಿಯಾಗಿ ಏರುತ್ತದೆ. ಹದಿನೈದು ನಿಮಿಷ ಕಾಯಬೇಕು.

ಕಾದ ಮೇಲೂ ತೊಡಕಿದೆ. ಊಟದ ಜೊತೆಗೆ ಕುಡಿದವನೊಬ್ಬ ಕಾಲು ಗಂಟೆ ಕಾದು, ಮೇಜಿನ ಬಳಿಯೇ ಊದಿ ನೋಡುತ್ತಾನೆ ಎನ್ನಿ. 26 ಎಂದು ತೋರಿಸುತ್ತದೆ. ಕಾಯಿದೆಯ 30ರೊಳಗೆ. ಬಿಲ್ಲು ಕೊಟ್ಟು, ಬೀಡ ಹಾಕಿಕೊಂಡು, ಸ್ನೇಹಿತರಿಂದ ಬೀಳ್ಕೊಂಡು ಹೊರಡುತ್ತಾನೆ. ಆದರೆ ಹೊಟ್ಟೆಯಲ್ಲಿ ಅನ್ನದೊಡನೆ ಕಲೆತ ಮದ್ಯ ಇನ್ನೂ ರಕ್ತಕ್ಕೆ ಏರುತ್ತಲೇ ಇದೆ. ಮುಕ್ಕಾಲು ಗಂಟೆಯ ಮೇಲೆ ಹೆದ್ದಾರಿಯಲ್ಲಿ ಎದುರಿನಿಂದ ಲಾರಿ ಬರುವ ಹೊತ್ತಿಗೆ ಅದು 26 ಆಗಿರುವುದಿಲ್ಲ. ಇಂಥ ಯಂತ್ರಗಳ ಜೊತೆಗೆ ಬರುವ ಕಾಗದದಲ್ಲಿ, ಈ ಸಂಖ್ಯೆಯನ್ನು ನಂಬಿ ವಾಹನ ನಡೆಸಬಾರದೆಂದು ತಯಾರಕರೇ ಸಾಮಾನ್ಯವಾಗಿ ಅಚ್ಚು ಹಾಕಿಸಿರುತ್ತಾರೆ. ಅಕ್ಷರ ಬಹಳ ಸಣ್ಣದು. ಪಾನಗೃಹದ ಮಬ್ಬು ದೀಪದಲ್ಲಿ, ಕುಡಿಯದವನಿಗೂ ಓದುವುದು ಕಷ್ಟ.